ಒಂದೇ ಕವರ್‌ನ ಲೇಸರ್‌ಗಳು, ಒಂದೊಂದರ ಬೆಳಕು ಒಂದೊಂದು ತರ: ಮನೆಯಲ್ಲೇ ಅಳೆಯುವುದು ಹೇಗೆ?

ಹವ್ಯಾಸಿಗಳು ಬಳಸುವ ಕೆಂಪು ಲೇಸರ್ ಮಾಡ್ಯೂಲ್‌ಗಳ ಮೇಲೆ ‘650 ನ್ಯಾನೋಮೀಟರ್, 5 ಮಿಲಿವ್ಯಾಟ್’ ಅಂತ ಇರುತ್ತದೆ. ಮೊದಲನೆಯದು ಬೆಳಕಿನ ತರಂಗಾಂತರ, ಎರಡನೆಯದು ಅದರ ಪವರ್. ಗೋಡೆಗೆ ಬಿಟ್ಟು ನೋಡಿದರೆ ಒಂದು ಮಂಕು, ಇನ್ನೊಂದು ಕಣ್ಣು ಕುಕ್ಕುತ್ತದೆ. ಲೇಬಲ್ ನಂಬಿ ಕೂರುವ ಹಾಗಿಲ್ಲ. ಅಳತೆಯ ಮಾನದಂಡಗಳನ್ನು ನೋಡಿಕೊಳ್ಳುವ ಅಮೆರಿಕದ ನಿಸ್ಟ್ ಸಂಸ್ಥೆ 122 ಲೇಸರ್ ಪಾಯಿಂಟರ್‌ಗಳನ್ನು ಪರೀಕ್ಷಿಸಿ 2013ರಲ್ಲಿ ಹೇಳಿದ್ದು ಇದು: ಕೆಂಪಿನಲ್ಲಿ ಸುಮಾರು ಶೇ 44, ಹಸಿರಿನಲ್ಲಿ ಹೆಚ್ಚುಕಡಿಮೆ ಶೇ 90 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತಿರಲಿಲ್ಲ.

ಹಾಗಾಗಿ ಮೊದಲು ಕಣ್ಣು. ಕಿರಣ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ, ಉಂಗುರ, ವಾಚು ತೆಗೆದಿಡಿ, ಮಕ್ಕಳು ಹತ್ತಿರ ಬೇಡ. ಹಸಿರು ಲೇಸರ್ ಸದ್ಯಕ್ಕೆ ಮುಟ್ಟಬೇಡಿ. ಅಗ್ಗದವುಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೂಡ ಸೋರುತ್ತದೆ.

ಲೇಸರ್ ಬೆಳಕನ್ನು ನೇರವಾಗಿ ಅಳೆಯುವ ಪವರ್ ಮೀಟರ್ ದುಬಾರಿ. ಹೋಲಿಸಿ ನೋಡಲು ಬಿಪಿಡಬ್ಲ್ಯು34 ಫೋಟೋಡಯೋಡ್ ಸಾಕು. ಬೆಳಕು ಬಿದ್ದಷ್ಟು ಕರೆಂಟ್ ಹರಿಸುವ ಪುಟ್ಟ ಬಿಡಿಭಾಗ ಅದು. ಕೊಳ್ಳುವಾಗ ಪಾರದರ್ಶಕ ಮೈಯದ್ದನ್ನೇ ಕೇಳಿ. ಕಪ್ಪು ಮೈಯದ್ದು ಕೆಂಪು ಬೆಳಕನ್ನೇ ತಡೆಯುತ್ತದೆ, ಅದು ರಿಮೋಟ್ ಕೆಲಸಕ್ಕೆ. ಕ್ಯಾಥೋಡನ್ನು 5 ವೋಲ್ಟ್‌ಗೆ, ಆನೋಡನ್ನು 1 ಕಿಲೋಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಜೋಡಿಸಿ. ಮಲ್ಟಿಮೀಟರ್ ಆ ರೆಸಿಸ್ಟರ್‌ನ ಎರಡು ತುದಿಗೆ. 650 ನ್ಯಾನೋಮೀಟರ್‌ನಲ್ಲಿ ಒಂದು ಮಿಲಿವ್ಯಾಟ್‌ಗೆ ಅಂದಾಜು 0.4 ಮಿಲಿಆಂಪ್ ಬರುತ್ತದೆ. ಅಂದರೆ 5 ಮಿಲಿವ್ಯಾಟ್‌ಗೆ 2 ಮಿಲಿಆಂಪ್, 1 ಕಿಲೋಓಮ್ ಮೇಲೆ ಅದು 2 ವೋಲ್ಟ್. 10 ಕಿಲೋಓಮ್ ಹಾಕಿದರೆ, ಕೊಟ್ಟಿರುವುದೇ 5 ವೋಲ್ಟ್ ಆದ್ದರಿಂದ, ಎಲ್ಲ ಮಾಡ್ಯೂಲ್‌ಗಳೂ 5 ವೋಲ್ಟ್ ಹತ್ತಿರ ಹೋಗಿ ನಿಲ್ಲುತ್ತವೆ, ‘ಆಹಾ, ಎಲ್ಲವೂ ಸಮ’ ಅನ್ನಿಸುತ್ತದೆ!

ಮಾಡ್ಯೂಲ್ ಅಲುಗಾಡದಂತೆ ಮರದ ತುಂಡಿನಲ್ಲಿ ತೂತು ಕೊರೆದು ಕೂರಿಸಿ. ಚುಕ್ಕೆ ಸೂಜಿಮೊನೆಯಷ್ಟು ಚಿಕ್ಕದಿರುವುದು ಬೇಡ. ಲೆನ್ಸ್ ತಿರುಗಿಸಿ ಸ್ವಲ್ಪ ಹರಡಿ, ಆದರೆ ಪೂರ್ತಿ ಚುಕ್ಕೆ ಫೋಟೋಡಯೋಡ್‌ನ ಚಿಪ್‌ನ ಒಳಗೇ ಬೀಳಬೇಕು. ಲೇಸರ್ ಆರಿಸಿ ಕೋಣೆಯ ಬೆಳಕಿನ ಅಳತೆ ಬರೆದುಕೊಳ್ಳಿ, ಪ್ರತಿ ಸಲ ಅದನ್ನು ಕಳೆಯಿರಿ.

ಜಾಸ್ತಿ ಜನ ಎಡವುವುದು ವೋಲ್ಟೇಜ್‌ನಲ್ಲಿ. ಅಗ್ಗದ ಮಾಡ್ಯೂಲ್‌ನಲ್ಲಿ ಸಾಮಾನ್ಯವಾಗಿ ಬೆಳಕನ್ನು ಒಂದೇ ಸಮ ಇಡುವ ಸರ್ಕ್ಯೂಟ್ ಇರುವುದಿಲ್ಲ, ಬರೀ ಒಂದು ರೆಸಿಸ್ಟರ್ ಇರುತ್ತದೆ. ಅದು 91 ಓಮ್, ಬೆಳಕು ಕೊಡುವ ಲೇಸರ್ ಡಯೋಡ್ ಮೇಲೆ 2.2 ವೋಲ್ಟ್ ಅಂತ ಇಟ್ಟುಕೊಳ್ಳಿ. 5 ವೋಲ್ಟ್ ಕೊಟ್ಟರೆ ಸುಮಾರು 31 ಮಿಲಿಆಂಪ್ ಹರಿಯುತ್ತದೆ. ಲೇಸರ್ ಹೊತ್ತಿಕೊಳ್ಳುವುದೇ 20 ಮಿಲಿಆಂಪ್ ದಾಟಿದ ಮೇಲೆ ಅಂದರೆ, ಬೆಳಕಾಗಿ ಕಾಣುವುದು ಮೇಲಿನ 11 ಮಾತ್ರ. ಯುಎಸ್‌ಬಿ ಚಾರ್ಜರ್ 4.7 ವೋಲ್ಟ್‌ಗೆ ಇಳಿದರೆ 3 ಮಿಲಿಆಂಪ್ ಹೋಯಿತು, ಬೆಳಕು ಮೂರನೇ ಒಂದು ಭಾಗದಷ್ಟು ಖೋತಾ. ಡಯೋಡ್‌ದೇನೂ ತಪ್ಪಿಲ್ಲ, ಅಲ್ವಾ? ಅದಕ್ಕೇ ಸ್ಥಿರ ಸಪ್ಲೈ ಬಳಸಿ, ಮಾಡ್ಯೂಲ್‌ನ ವೈರ್ ಬಳಿಯೇ ವೋಲ್ಟೇಜ್ ನೋಡಿ. ಬಿಸಿಯಾದಂತೆ ಬೆಳಕೂ ಇಳಿಯುತ್ತದೆ. ಹೊತ್ತಿಸಿ ಸರಿಯಾಗಿ ಒಂದು ನಿಮಿಷಕ್ಕೆ ಅಳತೆ ತೆಗೆಯಿರಿ.

ಬೇರೆ ಬೇರೆ ಮಾಡ್ಯೂಲ್ ಹೋಲಿಸುವ ಮೊದಲು ಒಂದನ್ನೇ ಕಿತ್ತು, ಮತ್ತೆ ಕೂರಿಸಿ ಐದು ಸಲ ಅಳೆಯಿರಿ. ಅದರಲ್ಲೇ ಶೇ 8ರಷ್ಟು ಏರುಪೇರು ಕಂಡರೆ ಅದು ನಿಮ್ಮ ಮರದ ತುಂಡಿನದ್ದು. ಎರಡು ಮಾಡ್ಯೂಲ್ ನಡುವಿನ ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ಇಡಬೇಡಿ. ಎಲ್ಲ ಮುಗಿದ ಮೇಲೆ ಮೊದಲನೆಯದನ್ನು ಇನ್ನೊಮ್ಮೆ ಅಳೆಯಿರಿ. ಅಂಕಿ ಬದಲಾಗಿದ್ದರೆ ನಡುವೆ ಏನೋ ಸರಿದಿದೆ.

ಇಷ್ಟಾದರೂ ಒಂದು ಮಾಡ್ಯೂಲ್ ತೀರಾ ಮಂಕಾಗಿದ್ದರೆ ಅದರ ಕರೆಂಟ್ ನೋಡಿ. ಕರೆಂಟೇ ಕಡಿಮೆಯಿದ್ದರೆ ರೆಸಿಸ್ಟರ್ ಮೇಲೆ ಅನುಮಾನಪಡಿ. ಕರೆಂಟ್ ಸರಿಯಿದ್ದರೆ ಮೊದಲು ಲೆನ್ಸ್ ಒರೆಸಿ, ಆಮೇಲೆ ಡಯೋಡನ್ನು ಬೈಯಿರಿ.