ಗೇಮ್ ಬಾಯ್‌ನಲ್ಲಿ ತೋಡಿಯ ಗಾಂಧಾರ

ಗೇಮ್ ಬಾಯ್ ಅಂದರೆ ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೊ ಗೇಮ್. ಅದರ ದನಿಯಲ್ಲಿ ನಾನು ಮೊದಲು ನುಡಿಸಿದ್ದು ಸರಳೆ ವರಸೆ. ಬೇರೇನೂ ತೋಚಲಿಲ್ಲ. ಚಿಕ್ಕವನಿದ್ದಾಗ ಅಮ್ಮ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟ ಮಾಯಾಮಾಳವಗೌಳ ಬಾಯಲ್ಲೇ ಇತ್ತು. ಅದನ್ನೇ ಒಂದೊಂದು ಸ್ವರವಾಗಿ ಬರೆದು ಸ್ಟಾರ್ಟ್ ಒತ್ತಿದೆ. ಬೇಸಿಗೆ ರಜೆಯಲ್ಲಿ ಟಿವಿಗೆ ಹಾಕಿ ಆಡುತ್ತಿದ್ದ ವಿಡಿಯೊ ಗೇಮ್‌ನ ದನಿಯಲ್ಲಿ ಸರಳೆ ಕೇಳಿಸಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಶುರು ಮಾಡಿದ್ದು ಫೋನ್‌ನಲ್ಲಿ. ಗೇಮ್ ಬಾಯ್‌ಗೆಂದು 1998ರಲ್ಲಿ ಬಂದ ನ್ಯಾನೋಲೂಪ್ ಅನ್ನೋ ಸಂಗೀತ ಬರೆಯುವ ಪ್ರೋಗ್ರಾಂ ಈಗ ಫೋನ್ ಆ್ಯಪ್ ಆಗಿಯೂ ಸಿಗುತ್ತದೆ. ಹದಿನಾರು ಚೌಕ, ಮುಟ್ಟಿದ ಕಡೆ ಸದ್ದು. ಹೊಸಬರಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಆದರೆ ನನಗೆ ಬೇಕಾಗಿದ್ದು ಲಿಟಲ್ ಸೌಂಡ್ ಡಿಜೆ. ಸ್ವೀಡನ್ನಿನ ಯೊಹಾನ್ ಕೊಟ್ಲಿನ್ಸ್ಕಿ ಗೇಮ್ ಬಾಯ್‌ಗಾಗಿಯೇ ಬರೆದ ಪ್ರೋಗ್ರಾಂ ಅದು. ಅದನ್ನು ಫೋನಿನ ಎಮ್ಯುಲೇಟರ್‌ನಲ್ಲಿ, ಅಂದರೆ ಗೇಮ್ ಬಾಯ್‌ನ ಹಾಗೇ ನಡೆಯುವ ಆ್ಯಪ್‌ನಲ್ಲಿ, ಹಾಕಿಕೊಂಡೆ. ಕಲಿಯೋಕೆ ಸಾಕಾಯಿತು. ಆದರೆ ಸ್ವರ ಬದಲಿಸಲು ಎ ಬಟನ್ ಒತ್ತಿ ಹಿಡಿದು ಬಾಣದ ಬಟನ್ ಒತ್ತಬೇಕು, ಪರದೆ ಬದಲಿಸಲು ಸೆಲೆಕ್ಟ್ ಹಿಡಿದು ಬಾಣ. ಗಾಜಿನ ಮೇಲೆ ಬೆರಳು ಜಾರುತ್ತೆ. ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಸದ್ದು ತಡವಾಗಿ ಬರುತ್ತೆ, ವೈರ್ ಇರುವುದೇ ಬೇಕು. ಕೊನೆಗೆ ಹಳೇ ಗೇಮ್ ಬಾಯ್ ಒಂದನ್ನು ಕೊಂಡೆ. 1989ರ ಮಾದರಿ, ನಾಲ್ಕು ಪೆನ್ಸಿಲ್ ಸೆಲ್ ಹಾಕುವುದು.

ಅದರೊಳಗೆ ಇರುವುದು ನಾಲ್ಕೇ ದನಿ. ಎರಡು ಪಲ್ಸ್ (ಚೌಕ ಆಕಾರದ ಅಲೆ), ಒಂದು ವೇವ್ (ನಾವೇ ಆಕಾರ ಕೊಡುವ ಅಲೆ), ಒಂದು ನಾಯ್ಸ್ (ಸ್ವರವಿಲ್ಲದ ಬರೀ ಸದ್ದು). ಅಲೆ ಎಷ್ಟು ಪಾಲು ಹೊತ್ತು ಮೇಲಿರಬೇಕು ಅಂತ ಹೇಳಿ ಪಲ್ಸ್‌ನ ಬಣ್ಣ ಬದಲಿಸಬಹುದು. 50 ಪರ್ಸೆಂಟ್‌ಗೆ ಇಟ್ಟರೆ ದನಿ ಟೊಳ್ಳಾಗಿ, ದುಂಡಗೆ ಇರುತ್ತೆ. 25ಕ್ಕೆ ಇಟ್ಟರೆ ಮೂಗಿನ ದನಿ, ನನಗೆ ನಾದಸ್ವರದ ನೆನಪು ತರುತ್ತೆ. 12.5ಕ್ಕೆ ಇಟ್ಟರೆ ತೆಳ್ಳಗೆ, ಚುಚ್ಚುವ ಹಾಗೆ. 75 ಅಂತಲೂ ಇದೆ, ಕಿವಿಗೆ 25ರ ಹಾಗೇ ಕೇಳಿಸುತ್ತೆ. ನಾನು ರಾಗಕ್ಕೆ ಯಾವಾಗಲೂ ಎರಡನೇ ಪಲ್ಸ್, 25 ಪರ್ಸೆಂಟ್.

ತಂಬೂರಿ ಮಾಡಿದ್ದು ಮೊದಲನೇ ಪಲ್ಸ್‌ನಲ್ಲಿ. ಒಂದು ದನಿಯಿಂದ ಸ, ಪ, ಮೇಲಿನ ಸ ಮೂರೂ ಬರಬೇಕು. ಅದಕ್ಕೆ ಸಿ ಕಮಾಂಡ್ ಇದೆ. ಕಮಾಂಡ್ ಅಂದರೆ ಸ್ವರದ ಪಕ್ಕ ಬರೆಯುವ ಸೂಚನೆ. ಸ ಬರೆದು ಪಕ್ಕದಲ್ಲಿ ಸಿ7ಸಿ ಅಂತ ಹಾಕಿದೆ. ಏಳು ಅಂದರೆ ಷಡ್ಜದಿಂದ ಏಳು ಸ್ವರಸ್ಥಾನ ಮೇಲೆ, ಪಂಚಮ. ಕೊನೆಯ ಸಿ ಅಂದರೆ ಇಲ್ಲಿನ ಲೆಕ್ಕದಲ್ಲಿ ಹನ್ನೆರಡು, ಮೇಲಿನ ಷಡ್ಜ. ಮೂರನ್ನೂ ಎಷ್ಟು ಬೇಗ ಸುತ್ತಿಸುತ್ತದೆ ಅಂದರೆ ಬಿಡಿಬಿಡಿಯಾಗಿ ಕೇಳಿಸುವುದೇ ಇಲ್ಲ. ತಂಬೂರಿ ತಂತಿಗೆ ನೂಲು ಕೊಟ್ಟಾಗ ಬರುವ ಝೇಂಕಾರದ ಹತ್ತಿರ ಬರುತ್ತೆ. ಮಂದ್ರದ ಸ ಮಾತ್ರ ವೇವ್ ದನಿಗೆ ಕೊಟ್ಟೆ. ಪಲ್ಸ್ 64 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದಿಲ್ಲ, ವೇವ್ ಇನ್ನೊಂದು ಸ್ಥಾಯಿ ಕೆಳಗೆ ಹೋಗುತ್ತೆ. ಇದನ್ನು ಹೆಡ್‌ಫೋನ್‌ನಲ್ಲೇ ಕೇಳಬೇಕು, ಫೋನ್ ಸ್ಪೀಕರ್‌ನಲ್ಲಿ ಹತ್ತೋದಿಲ್ಲ.

ತಾಳಕ್ಕೆ ಮಿಶ್ರ ಛಾಪು ಹಿಡಿದೆ. ಇಲ್ಲಿ ಒಂದು ಫ್ರೇಸ್ ಅಂದರೆ ಹದಿನಾರು ಮನೆ, ಏಳರ ಲೆಕ್ಕಕ್ಕೆ ಕೂರೋದಿಲ್ಲ. ಹದಿನಾಲ್ಕು ಮನೆ ಮುಗಿದ ಮೇಲೆ ಎಚ್00 ಹಾಕಿದರೆ ಉಳಿದ ಎರಡನ್ನು ಬಿಟ್ಟು ಮುಂದಿನ ಫ್ರೇಸ್‌ಗೆ ಹಾರುತ್ತೆ. ಎರಡೆರಡು ಮನೆಗೆ ಒಂದೊಂದು ಅಕ್ಷರ, ತಕಿಟ ತಕಧಿಮಿ. ನಾಲ್ಕೂ ದನಿಗೆ ಹೀಗೇ ಹಾಕಬೇಕು. ಒಂದರಲ್ಲಿ ಮರೆತೆ, ಮೂರನೇ ಆವರ್ತಕ್ಕೆ ಎಲ್ಲಾ ಚೆಲ್ಲಾಪಿಲ್ಲಿ. ಚಿಕ್ಕ ಪೆಟ್ಟುಗಳೆಲ್ಲ ನಾಯ್ಸ್‌ನಲ್ಲಿ. ಮೃದಂಗದ ತೋಂ ಮಾತ್ರ ಮೊದಲನೇ ಪಲ್ಸ್‌ನಿಂದ, ಯಾಕೆಂದರೆ ಸ್ವರ ತಾನಾಗಿ ಜಾರುವ ಸ್ವೀಪ್ ಅನ್ನೋದು ಅದೊಂದರಲ್ಲೇ ಇರುವುದು. ತೋಂ ಬಿದ್ದಾಗ ತಂಬೂರಿ ಚೂರು ನಿಲ್ಲುತ್ತೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ, ಕಿವಿ ಅದನ್ನು ತುಂಬಿಕೊಳ್ಳುತ್ತೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮೋಹನ, ಹಂಸಧ್ವನಿ ಅಂತ ಆರಾಮಾಗಿ ಇರಬಹುದಿತ್ತು. ಅಮ್ಮನಿಗೆ ತೋಡಿ ಇಷ್ಟ. ನಾನು ತೋಡಿಗೆ ಕೈ ಹಾಕಿದೆ.

ತೋಡಿಯ ಸ್ವರಗಳನ್ನು ಹಾಗೇ ಸಾಲಾಗಿ ಬರೆದರೆ ತೋಡಿ ಬರುವುದಿಲ್ಲ. ಗಾಂಧಾರ ಒಂದು ಕಡೆ ನಿಲ್ಲಬಾರದು, ರಿಷಭದಿಂದ ಮಧ್ಯಮದವರೆಗೂ ತೂಗಬೇಕು. ಮೊದಲು ವಿ ಕಮಾಂಡ್ ಹಾಕಿ ನೋಡಿದೆ. ಸ್ವರ ನಡುಗುತ್ತೆ ಅಷ್ಟೆ, ಚಳಿ ಹಿಡಿದವರ ಹಾಗೆ. ಗಮಕ ಅಂದರೆ ನಡುಕ ಅಲ್ಲ ಅಲ್ವಾ? ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿಂದ ಬೇಗ ಎದ್ದು ಬರಬೇಕು, ಅದೇ ಗಮಕ. ಆಮೇಲೆ ಎಲ್ ಕಮಾಂಡ್ ಹಿಡಿದೆ. ರಿಷಭ ಬರೆದು, ಮುಂದಿನ ಮನೆಯಲ್ಲಿ ಮಧ್ಯಮ ಬರೆದು ಪಕ್ಕಕ್ಕೆ ಎಲ್ ಹಾಕಿದರೆ ದನಿ ಕಡಿಯದೆ ಜಾರಿ ಹೋಗುತ್ತೆ. ಮೇಲೆ ಹೋಗುವಾಗ ಬೇಗ, ಇಳಿಯುವಾಗ ನಿಧಾನ. ಮನೆಗಳು ತೀರ ದೊಡ್ಡದು ಅನ್ನಿಸಿ, ಒಂದೊಂದು ಮನೆ ಎಷ್ಟು ಹೊತ್ತು ಅಂತ ಹೇಳುವ ಗ್ರೂವ್ ಪರದೆಯಲ್ಲಿ ಒಂದು ಮನೆಯ ಆರು ಟಿಕ್ ಅನ್ನು ಮೂರಕ್ಕೆ ಇಳಿಸಿದೆ. ಈಗ ಅಕ್ಷರಕ್ಕೆ ನಾಲ್ಕು ಮನೆ, ಆವರ್ತಕ್ಕೆ ಎರಡು ಫ್ರೇಸ್. ಬರೆಯುವ ಕೆಲಸ ಎರಡರಷ್ಟಾಯಿತು, ಆದರೆ ಗಾಂಧಾರ ಉಸಿರಾಡತೊಡಗಿತು.

ಆ ತೋಡಿ ಒಮ್ಮೆ ಪೂರ್ತಿ ಕಳೆದೂ ಹೋಯಿತು. ಗೇಮ್ ಬಾಯ್‌ಗೆ ಸಿಕ್ಕಿಸುವ, ಪ್ರೋಗ್ರಾಂ ಇರುವ ಕಾರ್ಟ್ರಿಜ್ ಒಳಗೆ ಒಂದು ಗುಂಡು ಸೆಲ್ ಇರುತ್ತೆ, ಹಾಡನ್ನು ಹಿಡಿದಿಟ್ಟಿರುವುದು ಅದೇ. ಸೆಲ್ ಸತ್ತರೆ ಹಾಡೂ ಹೋಯಿತು. ಮೂರು ವಾರದ ಕೆಲಸ. ನೀವು ಹಳೇ ಕಾರ್ಟ್ರಿಜ್ ಕೊಂಡರೆ ಮೊದಲು ಆ ಸೆಲ್ ಬದಲಿಸಿ, ವಾರಕ್ಕೊಮ್ಮೆ ಸೇವ್ ಫೈಲ್ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಎರಡನೇ ಸಲ ಬರೆದ ತೋಡಿ ನಾಲ್ಕು ದಿನದಲ್ಲಿ ಮುಗಿಯಿತು, ಮೊದಲಿನದಕ್ಕಿಂತ ಚೆನ್ನಾಗಿಯೂ ಬಂತು.

ರೆಕಾರ್ಡಿಂಗ್ ಸುಲಭ. ಸ್ಪೀಕರ್ ಮೋನೋ, ಹೆಡ್‌ಫೋನ್ ತೂತಿನಿಂದ ಸ್ಟೀರಿಯೊ ಬರುತ್ತೆ. ಅಲ್ಲಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ಒಂದು ವೈರ್. ಪರದೆಗೆ ಹೊಸ ಬೆಳಕಿನ ಡಿಸ್‌ಪ್ಲೇ ಹಾಕಿಸಿದವರಿಗೆ ಒಂದು ತರಹ ಗುಂಯ್ ಅನ್ನೋ ಸದ್ದು ಸೇರಬಹುದು. ನಾನು ಹಳೇ ಪರದೆಯನ್ನೇ ಉಳಿಸಿಕೊಂಡಿದ್ದೇನೆ, ಟೇಬಲ್ ದೀಪದ ಕೆಳಗೆ ಕೂತು ಬರೆಯುತ್ತೇನೆ.

ಮುಗಿಸಿದ ಮೇಲೆ ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ತೊಡೆ ಮೇಲೆ ಛಾಪು ಹಾಕುತ್ತಾ ಪೂರ್ತಿ ಕೇಳಿದರು. "ತೋಡಿನೇ ಕಣೋ," ಅಂದರು. ಮತ್ತೊಂದು ಸಲ ಹಾಕಿಸಿಕೊಂಡರು. "ಆದ್ರೆ ಗಾಂಧಾರ ಮಧ್ಯಮಾನ ಪೂರ್ತಿ ಮುಟ್ತಾ ಇದೆ ನೋಡು. ಅಲ್ಲಿವರೆಗೂ ಹೋಗ್ಬೇಡ, ಮುಟ್ಟೋ ಹಾಗೆ ಮಾಡಿ ವಾಪಸ್ ಬಾ."

ಎಮ್ಯುಲೇಟರ್ ಆಗಲಿ ಗೇಮ್ ಬಾಯ್ ಆಗಲಿ, ಸ್ವರ ಅಂತ ಬರೆಯುವುದಕ್ಕೆ ಇರುವುದು ಹನ್ನೆರಡು ಸ್ವರಸ್ಥಾನ ಮಾತ್ರ. ಹಾಗಾಗಿ ಜಾರುವುದು ಮಧ್ಯಮ ತಲುಪುವ ಮೊದಲೇ ಇನ್ನೊಂದು ಎಲ್ ಹಾಕಿ ಕೆಳಗೆ ಎಳೆದೆ. ಒಂದು ಮನೆ ಹಿಂದಕ್ಕೆ ಸರಿಸಿದ್ದು ಅಷ್ಟೇ. ಅಮ್ಮ ಪಕ್ಕದಲ್ಲೇ ಕೂತಿದ್ದರು. ಸ್ಟಾರ್ಟ್ ಒತ್ತಿದೆ.

"ಹ್ಞಾ, ಇಲ್ಲೇ ಇರಲಿ," ಅಂದರು.