ಪೌರನೀತಿ ಪಾಠಕ್ಕೆ ಪಾಡ್‌ಕಾಸ್ಟ್: ಮೂರನೇ ವರ್ಷಕ್ಕೆ ಕೈಹಿಡಿದ ಕಥೆ

ಕಳೆದ ತಿಂಗಳು ಪಕ್ಕದ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿ, "ಆ ಆಡಿಯೋ ಫೈಲುಗಳನ್ನ ನಮಗೂ ಕಳಿಸ್ತೀರಾ ಸರ್?" ಎಂದರು. ಎರಡು ವರ್ಷದ ಹಿಂದೆ ತರಬೇತಿಯೊಂದರಲ್ಲಿ, ಪೌರನೀತಿ ಪಾಠಕ್ಕೆ ಪಾಡ್‌ಕಾಸ್ಟ್ ಕೇಳಿಸುತ್ತೇನೆ ಎಂದಾಗ ಇವರೇ ಎಲ್ಲರ ಮುಂದೆ ಕೇಳಿದ್ದರು: "ಇದನ್ನೆಲ್ಲ ಮಾಡ್ತಾ ಕೂತ್ರೆ ಪೋರ್ಷನ್ ಯಾವಾಗ ಮುಗಿಸ್ತೀರಿ?" ಫೈಲು ಕಳಿಸಿದೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಫೈಲಿದ್ದೂ ಉಪಯೋಗವಿಲ್ಲ ಎಂದೂ ಹೇಳಿದೆ. ಅಷ್ಟು ಹೇಳಲು ನನಗೆ ಎರಡು ವರ್ಷ ಮತ್ತು ಸುಮಾರು ಆರೂವರೆ ಸಾವಿರ ರೂಪಾಯಿ ಹಿಡಿದಿದೆ.

ಮೊದಲ ವರ್ಷದ್ದು ಬೇಗ ಹೇಳಿ ಮುಗಿಸುತ್ತೇನೆ. ಒಂಬತ್ತನೇ ತರಗತಿ, 38 ಮಕ್ಕಳು. ಸಂವಿಧಾನದ ಬಗ್ಗೆ ಬೇರೆಯವರು ಮಾಡಿದ್ದ ನಲವತ್ತು ನಿಮಿಷದ ಪಾಡ್‌ಕಾಸ್ಟ್ ಹಾಕಿದೆ. ಒಳ್ಳೆಯ ಕಂತು, ಬಸ್ಸಿನಲ್ಲಿ ನಾನೇ ಎರಡು ಸಲ ಕೇಳಿದ್ದೆ. ಎಂಟನೇ ನಿಮಿಷಕ್ಕೆ ಹಿಂದಿನ ಎರಡು ಸಾಲು ಮಲಗಿತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವುದು ಬೇರೆ, ಮಧ್ಯಾಹ್ನದ ಊಟ ಮುಗಿಸಿ 38 ಜನ ಒಟ್ಟಿಗೆ ಕೂತು ಕೇಳುವುದು ಬೇರೆ. ಸ್ಪೀಕರ್ ಕೂಡ ತಪ್ಪು ಆಯ್ಕೆ. 2,800 ರೂಪಾಯಿ ಕೊಟ್ಟು ಬೇಸ್ ಜಾಸ್ತಿ ಇರುವುದನ್ನು ತಂದಿದ್ದೆ. ಹಾಡಿಗೆ ಚೆನ್ನಾಗಿತ್ತು, ಮಾತು ಮಾತ್ರ ಹಂಡೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಊರಿನ ಹುಡುಗರಿಗೆ ಗಣೇಶನ ಹಬ್ಬಕ್ಕೆ 1,500ಕ್ಕೆ ಕೊಟ್ಟುಬಿಟ್ಟೆ. ಈಗ ಇರುವುದು ಚಿಕ್ಕದು, ಸಾವಿರದ ಇನ್ನೂರರದ್ದು. ಮಾತಿಗೆ ಅದೇ ಸರಿ.

ಎರಡನೇ ವರ್ಷ ಕಂತುಗಳನ್ನು ನಾನೇ ಮಾಡಿದೆ. ಒಂದು ಕಾಲರ್ ಮೈಕ್, ಸುಮಾರು 900 ರೂಪಾಯಿ. ಆಡಿಯೋ ಎಡಿಟ್ ಮಾಡುವ ಆಡಾಸಿಟಿ ತಂತ್ರಾಂಶ ಪುಕ್ಕಟೆ. ಒಂದೊಂದು ಹನ್ನೆರಡು ನಿಮಿಷ, ಒಟ್ಟು ಆರು ಕಂತು. ಮೈಸೂರಿನ ಅಳಿಸಲಾಗದ ಶಾಯಿಯ ಮೇಲೆ ಮಾಡಿದ ಕಂತು ಮಕ್ಕಳಿಗೆ ಬಹಳ ಇಷ್ಟವಾಯಿತು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ನಮ್ಮ ಮೈಸೂರಿನ ಶಾಯಿ ಬೀಳುತ್ತಿದೆ, ಅದರಲ್ಲಿರುವ ಸಿಲ್ವರ್ ನೈಟ್ರೇಟ್‌ನಿಂದ ಆ ಕಪ್ಪು ಬರುತ್ತದೆ, ಹೀಗೆ. ಕಿವಿಗೊಟ್ಟು ಕೇಳಿದರು. ಮುಗಿದ ಮೇಲೆ "ಏನಾದ್ರೂ ಕೇಳೋದಿದ್ಯಾ?" ಎಂದೆ. ತರಗತಿ ತಣ್ಣಗೆ ಕೂತಿತ್ತು. ವಿಷಯವೆಲ್ಲ ಇತ್ತು, ಮಕ್ಕಳು ಮಾಡಬೇಕಾದ ಕೆಲಸವೇ ಇರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಅರ್ಜೆಂಟ್ ಮಾಹಿತಿಯಿಂದ. ಮೇಲಿನ ಕಚೇರಿಗೆ ಹತ್ತು ನಿಮಿಷದಲ್ಲಿ ಅಂಕಿಅಂಶ ಕಳಿಸಬೇಕು ಎಂದು ಎಚ್‌ಎಂ (ಮುಖ್ಯ ಶಿಕ್ಷಕರು) ಕರೆದರು. ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ. ಆಡಿಯೋ ಅರ್ಧಕ್ಕೇ ನಿಲ್ಲಿಸಿ ಹೋದೆ. ಅವತ್ತು ಹಾಕಿದ್ದು ಮೊದಲ ಮಹಾಚುನಾವಣೆಯ ಕಂತು. 1951-52ರ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಎದುರು ಈ ಪಟ್ಟಿ ಬಂತು ಅನ್ನುವಲ್ಲಿಗೆ ನಿಲ್ಲಿಸಿದ್ದೆ. ಕಾಲು ಗಂಟೆ ಬಿಟ್ಟು ವಾಪಸ್ ಬಂದರೆ ಕಾರಿಡಾರಿನ ಕೊನೆಗೂ ಗಲಾಟೆ ಕೇಳಿಸುತ್ತಿತ್ತು. ಬೈಯಬೇಕು ಎಂದು ಒಳಗೆ ಹೋದೆ. ಜಗಳ ಪಾಠದ ಬಗ್ಗೆಯೇ ನಡೆದಿತ್ತು! ಹೆಸರಿಲ್ಲದಿದ್ದರೂ ಓಟು ಕೊಡಬೇಕು ಎಂದು ಒಂದು ಗುಂಪು. "ಹೆಸರೇ ಇಲ್ಲ ಅಂದ್ರೆ ಅವರ ಓಟನ್ನ ಬೇರೆ ಯಾರಾದ್ರೂ ಹಾಕ್ತಾರೆ" ಎಂದು ಒಬ್ಬ ಹುಡುಗಿ. ನಮ್ಮಜ್ಜಿ ಈಗಲೂ ಅಜ್ಜನ ಹೆಸರು ಹೇಳುವುದಿಲ್ಲ ಎಂದು ಇನ್ನೊಬ್ಬಳು. ಉಳಿದ ಭಾಗ ಹಾಕಿದೆ. ಸರಿಯಾದ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಟ್ಟರು ಎಂದು ಕೇಳಿ ಇಡೀ ತರಗತಿ "ಅಯ್ಯೋ" ಎಂದಿತು. ಹದಿನೆಂಟು ವರ್ಷದ ನನ್ನ ಪಾಠದಲ್ಲಿ ರಾಜ್ಯಶಾಸ್ತ್ರಕ್ಕೆ ಮಕ್ಕಳು ಅಯ್ಯೋ ಎಂದದ್ದು ಅದೇ ಮೊದಲು.

ಮೂರನೇ ವರ್ಷ ಎಲ್ಲವನ್ನೂ ಕತ್ತರಿಸಿ ಮತ್ತೆ ಮಾಡಿದೆ. ಈಗ ಒಂದು ಕಂತು ಆರು ನಿಮಿಷ, ಅದರಲ್ಲಿ ಒಂದೇ ಒಂದು ತೀರ್ಮಾನ. ನಾಲ್ಕನೇ ನಿಮಿಷದ ಹೊತ್ತಿಗೆ ಯಾರೋ ಏನನ್ನೋ ನಿರ್ಧರಿಸಬೇಕು, ಅಲ್ಲಿ ನಿಲ್ಲಿಸುತ್ತೇನೆ. ಅಕ್ಕಪಕ್ಕದವರು ಐದು ನಿಮಿಷ ಮಾತಾಡುತ್ತಾರೆ. ಆಮೇಲೆ ಚೀಟಿಯಲ್ಲಿ ಓಟು. ಮೊದಲು ಕೈ ಎತ್ತಿಸುತ್ತಿದ್ದೆ. ಗಟ್ಟಿ ಮಾತಾಡುವ ಇಬ್ಬರು ಹುಡುಗರನ್ನು ನೋಡಿ ಉಳಿದವರೂ ಕೈ ಎತ್ತುತ್ತಿದ್ದರು. ಚೀಟಿಗೆ ಬದಲಾಯಿಸಿದ ದಿನವೇ ಫಲಿತಾಂಶ ತಿರುಗಿತು. ಗುಪ್ತ ಮತದಾನ ಯಾಕೆ ಬೇಕು ಎಂದು ಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. ಎಣಿಕೆ ಮುಗಿದ ಮೇಲೆ ಉಳಿದ ಎರಡು ನಿಮಿಷ ಕೇಳಿಸುತ್ತೇನೆ.

ನನಗೆ ಹೆಮ್ಮೆ ಇರುವ ಕಂತು ಎಂದರೆ ಪಂಚಾಯಿತಿಯದ್ದು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತಾ ಅಂಬೇಡ್ಕರ್ ಅವರು ಹಳ್ಳಿಗಳನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ತಾಣ ಎಂದು ಕಟುವಾಗಿ ಟೀಕಿಸಿದರು. ಕರಡಿನಲ್ಲಿ ಪಂಚಾಯಿತಿ ಇರಲಿಲ್ಲ. ಸಂವಿಧಾನ ಸಭೆಯಲ್ಲಿ ಅನೇಕರು ಇದನ್ನು ವಿರೋಧಿಸಿದರು. ಇಲ್ಲಿಗೆ ನಿಲ್ಲಿಸುತ್ತೇನೆ. ಪಂಚಾಯಿತಿ ಸಂವಿಧಾನದಲ್ಲಿ ಇರಬೇಕೋ, ಬೇಡವೋ? ಹಳ್ಳಿಯ ಮಕ್ಕಳಿಗೆ ಇದು ಮನೆಯ ವಿಷಯ. ಊರಿನ ಬಗ್ಗೆ ಹೀಗಂದರಲ್ಲ ಎಂದು ಕೆಲವರಿಗೆ ಸಿಟ್ಟು ಬಂತು. ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ ಎದ್ದು ನಿಂತು, "ಅವರು ಹೇಳಿದ್ದು ನಿಜ ಸಾರ್, ನಮ್ಮ ಕೇರಿಗೆ ನಲ್ಲಿ ಬಂದಿದ್ದು ಎಲ್ಲರಿಗಿಂತ ಕೊನೆಗೆ" ಎಂದ. ಅದಾದ ಮೇಲೆ ನಡೆದ ಚರ್ಚೆಯನ್ನು ಯಾವ ಪುಸ್ತಕದಿಂದಲೂ ತರಲು ಆಗುತ್ತಿರಲಿಲ್ಲ. ಚೀಟಿಯಲ್ಲಿ 21 ಬೇಕು, 15 ಬೇಡ ಬಂದ ನೆನಪು. ನಂತರ ಉಳಿದ ಕಥೆ: ನವೆಂಬರ್ 22ಕ್ಕೆ ಸಭೆಯ ಸದಸ್ಯ ಕೆ. ಸಂತಾನಂ ಪಂಚಾಯಿತಿ ಸೇರಿಸುವ ತಿದ್ದುಪಡಿ ತಂದರು, ಅಂಬೇಡ್ಕರ್ ಒಪ್ಪಿದರು, ಅದೇ ಇವತ್ತಿನ 40ನೇ ವಿಧಿ. ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನಮಾನ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ಕ್ಕೆ.

1881ರ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಕಂತಿಗೆ ಬೇರೆ ಥರದ ಪ್ರಶ್ನೆ ಇಟ್ಟೆ. ದಿವಾನ್ ರಂಗಾಚಾರ್ಲು ಕರೆದ ಆ ಮೊದಲ ಸಭೆಗೆ ಬಂದವರು ಜಮೀನುದಾರರು, ವ್ಯಾಪಾರಿಗಳು. ಈ ಕೋಣೆಯಲ್ಲಿ ಯಾರಿಲ್ಲ? ಇಷ್ಟೇ ಕೇಳಿದ್ದು. ಬೋರ್ಡು ತುಂಬಿತು.

ಮಕ್ಕಳ ಕೈಲೇ ಮಾಡಿಸೋಣ ಎಂದೂ ನೋಡಿದೆ. ಮೊದಲು ಗ್ರಾಮಸಭೆಗೇ ಹೋಗಿ ರೆಕಾರ್ಡ್ ಮಾಡಿದೆವು. ಗಾಳಿ, ಮೈಕಿನ ಕಿರುಚಾಟ, ಎಲ್ಲರೂ ಒಟ್ಟಿಗೆ ಮಾತು. ಎರಡು ಗಂಟೆಯ ರೆಕಾರ್ಡಿಂಗಿನಲ್ಲಿ ನಲವತ್ತು ಸೆಕೆಂಡೂ ಉಪಯೋಗಕ್ಕೆ ಬರಲಿಲ್ಲ. ತರಗತಿಯಲ್ಲಿ ಮಾಡಿದರೆ ಪ್ರತಿಧ್ವನಿ, ಮಳೆ ಬಂದರೆ ಶೀಟಿನ ಸದ್ದು. ಕೊನೆಗೆ ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆ ಸಿಕ್ಕಿತು. ಮೂಟೆಗಳ ಮಧ್ಯೆ ಕೂತು ಮಾತಾಡಿದರೆ ಸ್ಟುಡಿಯೋದಷ್ಟೇ ಸ್ವಚ್ಛ ಧ್ವನಿ. ಒಂದು ಪೈಸೆ ಖರ್ಚಿಲ್ಲ. ಒಮ್ಮೆ ಮಾಡಿ ನೋಡಿ.

ಅಲ್ಲಿಗೇ ಪಂಚಾಯಿತಿಯ ಮಹಿಳಾ ಸದಸ್ಯರೊಬ್ಬರನ್ನು ಕರೆದಿದ್ದೆವು. ಜೊತೆಗೆ ಅವರ ಯಜಮಾನರೂ ಬಂದರು. ಮೊದಲ ಮೂರು ಪ್ರಶ್ನೆಗೆ ಯಜಮಾನರೇ ಉತ್ತರ ಕೊಟ್ಟರು. ಸಂದರ್ಶನ ಮಾಡುತ್ತಿದ್ದ ಹುಡುಗಿ ಮೈಕನ್ನು ಮೆಲ್ಲಗೆ ಆ ಸದಸ್ಯೆಯ ಕಡೆ ತಂದು, "ಅಣ್ಣಾ, ಇದನ್ನ ಅಕ್ಕನೇ ಹೇಳಲಿ" ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ತಾಯಿ ನೀರಿನ ವಾಲ್ವಿನ ಬಗ್ಗೆ ನಾಲ್ಕು ನಿಮಿಷ ಬಿಡದೆ ಮಾತಾಡಿದರು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗಿದೆ ಎಂಬ ಸಾಲನ್ನು ನಾನು ಎಷ್ಟು ಸಲ ಓದಿಸಿದ್ದೇನೋ. ಆ ಮೌನವನ್ನು ಎಡಿಟ್ ಮಾಡದೆ ಹಾಗೇ ಉಳಿಸಿದ್ದೇನೆ.

ಮಕ್ಕಳ ಧ್ವನಿ ಇರುವ ಯಾವ ಕಂತನ್ನೂ ಹೊರಗೆ ಹಾಕುವುದಿಲ್ಲ. ಪೋಷಕರಿಂದ ಬರೆಸಿಕೊಂಡಿದ್ದೇನೆ, ಆದರೂ ತರಗತಿಯ ವಾಟ್ಸಾಪ್ ಗುಂಪಿಗಷ್ಟೇ. ಫೈಲು ಉಳಿಸುವಾಗ ಮೋನೋ (ಒಂದೇ ಚಾನೆಲ್), 64 ಕೆಬಿಪಿಎಸ್ ಇಟ್ಟರೆ ಆರು ನಿಮಿಷದ್ದು ಮೂರು ಎಂಬಿ ಒಳಗೆ ಬರುತ್ತದೆ. ಮನೆಯಲ್ಲಿ ಅಜ್ಜಿಯರು ಕೇಳುತ್ತಾರಂತೆ. ಒಬ್ಬರು ಮುಂದಿನ ಭಾಗ ಬೇಗ ಕಳಿಸಿ ಎಂದು ಹೇಳಿ ಕಳಿಸಿದರು, ಕಾಯಲು ಆಗುವುದಿಲ್ಲವಂತೆ.

ಖರ್ಚು ಕೇಳುವವರಿಗೆ: ಎರಡು ಸ್ಪೀಕರ್, ಎರಡು ಮೈಕ್ (ಒಂದರ ವೈರು ಇಲಿ ಕಡಿಯಿತು), ಮೆಮೊರಿ ಕಾರ್ಡು, ಚಿಲ್ಲರೆ. ಎಲ್ಲ ಸ್ವಂತ ದುಡ್ಡು. ಈಗ ಹೊಸದಾಗಿ ಶುರು ಮಾಡುವವರಿಗೆ ಎರಡು ಸಾವಿರದ ಮೇಲೆ ಬೇಡ. ಪೋರ್ಷನ್ ಫೆಬ್ರವರಿ ಮೊದಲ ವಾರಕ್ಕೇ ಮುಗಿಯಿತು. ರಾಜ್ಯಶಾಸ್ತ್ರದ ದೊಡ್ಡ ಪ್ರಶ್ನೆಗೆ ಸ್ವಂತ ಮಾತಲ್ಲಿ ಬರೆಯುತ್ತಿದ್ದವರು ಮೊದಲು ನಾಲ್ಕೋ ಐದೋ, ಈ ಸಲ ಇಪ್ಪತ್ತು ದಾಟಿತು.

ಸುಮ್ಮನಿರುವ ಮಕ್ಕಳನ್ನು ಮೊದಲ ಸಲ ಮೈಕಿನ ಮುಂದೆ ಹೇಗೆ ಕೂರಿಸುತ್ತೇನೆ ಎಂದು ಬಹಳ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಶಾಲೆಗೆ ಬಂದರೆ ತೋರಿಸುತ್ತೇನೆ.

ಈಗ ಎಂಟನೇ ತರಗತಿಯವರು 61ನೇ ತಿದ್ದುಪಡಿಯ ಕಂತು ಮಾಡುತ್ತಿದ್ದಾರೆ, 1989ರಲ್ಲಿ ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದ ಕಥೆ. ನಿಲ್ಲಿಸುವ ಜಾಗಕ್ಕೆ ಅವರೇ ಗುರುತು ಹಾಕಿ ತಂದರು, ನಾನು ಅಂದುಕೊಂಡದ್ದಕ್ಕಿಂತ ನಲವತ್ತು ಸೆಕೆಂಡು ಮುಂಚೆ. ಎರಡನ್ನೂ ಹಾಕಿ ಕೇಳಿದೆವು. ಅವರು ಹೇಳಿದ ಜಾಗವೇ ಸರಿ ಇತ್ತು.