ತೋಟಾ ಡಬ್ಬ ಎಲ್ಲಿದೆ ಎಂದು ಮೊದಲು ನಿಮ್ಮ ಮನೆಯಲ್ಲೇ ಕೇಳಿ

ನಮ್ಮ ತಾತನ ಒಂಟಿನಳಿಕೆ ಕೋವಿ ನಡುಮನೆಯ ಗೂಟಕ್ಕೆ ನೇತುಬಿದ್ದಿರುತ್ತಿತ್ತು. ತೋಟಾಗಳು ಗೋಡೆಯ ಗೂಡಿನಲ್ಲಿ, ಹಳೆಯ ಹಾರ್ಲಿಕ್ಸ್ ಬಾಟಲಿಯೊಳಗೆ. ರಾಗಿ ಹೊಲಕ್ಕೆ ಹಂದಿ ನುಗ್ಗಿದ ರಾತ್ರಿ ಎರಡೂ ಥಟ್ಟನೆ ಕೈಗೆ ಸಿಗಬೇಕು ಎಂಬುದು ಅವರ ವಾದ. 2025ರ ಫೆಬ್ರುವರಿಯಲ್ಲಿ ನಮ್ಮದೇ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಹುಡುಗನೊಬ್ಬ ಕೈಗೆ ಸಿಕ್ಕ ಕೋವಿ ಹಿಡಿದಾಗ ಗುಂಡು ಹಾರಿ, ನಾಲ್ಕು ವರ್ಷದ ಮಗು ಸತ್ತಿತು. ಆಮೇಲೆ ಆ ಗೂಟದ ಕೆಳಗೆ ಚಾಪೆ ಹಾಸಲು ನನಗೆ ಮನಸ್ಸಾಗಲಿಲ್ಲ.

ಇಂಥ ಸಾವು ನಿಲ್ಲಬೇಕೆಂದರೆ ಕಾಲೇಜಿನ ಎನ್‌ಎಸ್‌ಎಸ್ ಹುಡುಗರು ‘ಅಕ್ಕ, ಮೆರವಣಿಗೆ ಮಾಡೋಣ’ ಎನ್ನುತ್ತಾರೆ. ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರುವರಿ 14ರಂದು 17 ಮಂದಿ ಗುಂಡೇಟಿಗೆ ಹತರಾದ ಮೇಲೆ, ವಿದ್ಯಾರ್ಥಿಗಳು ಮಾರ್ಚ್ 24ಕ್ಕೆ ವಾಷಿಂಗ್ಟನ್ನಿನ ಬೀದಿಗಿಳಿದರು. ಅವರಿಗೆ ಬಂದೂಕಿನ ಕಾನೂನೇ ಬದಲಾಗಬೇಕಿತ್ತು. ನಮ್ಮಲ್ಲಿ ಕಾನೂನು ಬಿಗಿಯಾಗಿಯೇ ಇದೆ, ಸಡಿಲವಿರುವುದು ಗೂಟ. ಆದ್ದರಿಂದ ಬ್ಯಾನರ್ ಬರೆಸುವ ಮೊದಲು ನಿಮ್ಮ ಮನೆಯ, ದೊಡ್ಡಪ್ಪನ ಮನೆಯ ಗೂಟ ನೋಡಿ.

ಹಿರಿಯರ ಬಳಿ ‘ಕೋವಿ ಅಪಾಯ’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ನಾನು ತಾತನಿಗೆ ಕೇಳಿದ್ದು ಇಷ್ಟೇ: ‘ತಾತ, ಹಬ್ಬಕ್ಕೆ ಚಿಕ್ಕಮ್ಮನ ಮಕ್ಕಳು ಬರುತ್ತಾರೆ. ತೋಟಾ ಎಲ್ಲಿಡುತ್ತೀರಿ?’ ಅವರು ಗೂಡಿನ ಕಡೆ ನೋಡಿ ಸುಮ್ಮನಾದರು. ಮಾರನೆಯ ದಿನ ನಾಗಮಂಗಲದ ಪೇಟೆಯಿಂದ ಎರಡು ಬೀಗ ಬಂದವು. ಕೋವಿ ಬೀರುವಿಗೆ ಹೋಯಿತು, ಅದರ ಕೀಲಿ ತಾತನ ಉಡುದಾರಕ್ಕೆ. ತೋಟಾಗಳು ಅಜ್ಜಿಯ ಟ್ರಂಕಿಗೆ. ಈಗ ಹಂದಿ ಬಂದರೆ ಅಜ್ಜಿಯನ್ನು ಎಬ್ಬಿಸಬೇಕು, ಅದಕ್ಕಿಂತ ತಮಟೆ ಬಡಿಯುವುದೇ ಮೇಲು ಎಂದು ತಾತ ಗೊಣಗುತ್ತಾರೆ. ಗೊಣಗಲಿ.

ಒಂದು ಮಾತು ಮರೆಯಬೇಡಿ: ಪರೀಕ್ಷಿಸುತ್ತೇನೆಂದು ನೀವೇ ಕೋವಿ ಎತ್ತಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್ ಇರುವವರಿಂದಲೇ ನಳಿಕೆ ಬಿಚ್ಚಿಸಿ, ಒಳಗೆ ತೋಟಾ ಇಲ್ಲವೆಂದು ತೋರಿಸಲು ಹೇಳಿ. ಮನೆಯಲ್ಲಿ ಯಾರಾದರೂ ಸಾಲಕ್ಕೋ ಜಗಳಕ್ಕೋ ಸೊರಗಿ ಮಾತು ಬಿಟ್ಟಿದ್ದರೆ ಬೀಗವೂ ಸಾಲದು. ಠಾಣೆಯವರನ್ನು ಕೇಳಿ, ಕೆಲವು ತಿಂಗಳು ಕೋವಿಯನ್ನು ಮನೆಯಿಂದ ಹೊರಗೆ ಜಮಾ ಮಾಡಿಸಿ. ಚುನಾವಣೆ ಬಂದಾಗ ಹೇಗೂ ಮಾಡುತ್ತಾರಲ್ಲ! ಆ ವ್ಯಕ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೊಡಿ.

ಮನೆ ಸರಿಯಾದ ಮೇಲೆ ಊರು. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಲೈಸೆನ್ಸ್ ಇವೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಮಂಡ್ಯ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ, ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರ್. 10 ರೂಪಾಯಿ ಶುಲ್ಕ, 30 ದಿನದ ಗಡುವು, ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ. ನನ್ನ ಮೊದಲ ಅರ್ಜಿ ತಿರಸ್ಕಾರವಾಯಿತು. ಲೈಸೆನ್ಸ್‌ದಾರರ ಹೆಸರು, ವಿಳಾಸ ಕೇಳಿದ್ದೆ, ತಪ್ಪು ನನ್ನದೇ. ಸಂಖ್ಯೆ ಮಾತ್ರ ಕೇಳಿ.

ಉತ್ತರ ಬಂದ ಮೇಲೆ ಆ ಕಾಗದ ಹಿಡಿದು ಗ್ರಾಮಸಭೆಗೆ ಹೋಗಿ. ಹದಿನೆಂಟು ತುಂಬದವರು ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಲ್ಲಲಿ. ‘ಹಿಂಸೆ ತಡೆಯಿರಿ’ ಎಂದರೆ ನಡಾವಳಿ ಪುಸ್ತಕದಲ್ಲಿ ಬರೆಯಲು ಏನೂ ಇರುವುದಿಲ್ಲ. ‘ಕೋವಿಗೂ ತೋಟಾಕ್ಕೂ ಬೇರೆ ಬೇರೆ ಬೀಗ ಹಾಕಿ ಎಂದು ಕಸದ ಗಾಡಿಯ ಮೈಕಿನಲ್ಲಿ ವಾರಕ್ಕೊಮ್ಮೆ ಕೂಗಿಸಿ’ ಎಂದರೆ ಪಿಡಿಒ ಬರೆದುಕೊಳ್ಳುತ್ತಾರೆ. ನಮ್ಮ ಪಂಚಾಯಿತಿಯಲ್ಲಿ ಆದದ್ದು ಹಾಗೆಯೇ.

ಮದುವೆ, ಜಾತ್ರೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಶೋಕಿಗೂ ಇದೇ ಉಪಾಯ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಜನರಿಗೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ‘ದಸರೆಗೆ ಕುಶಾಲತೋಪು ಹಾರಿಸುವುದಿಲ್ಲವೇ?’ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಅದು ಪೊಲೀಸರು ತಾಲೀಮು ಮಾಡಿ ಸಿಡಿಸುವ ಬರಿಯ ಮದ್ದು, ಗುಂಡಲ್ಲ. ಮದುವೆ ದಿನ ಜಗಳಕ್ಕೆ ನಿಲ್ಲಬೇಡಿ, ವಾರ ಮೊದಲೇ ಛತ್ರದವರಿಗೆ ಈ ಶಿಕ್ಷೆಯ ಸಾಲು ಬರೆದ ಹಾಳೆ ಕೊಟ್ಟು ಬಾಗಿಲಿಗೆ ಅಂಟಿಸಿ ಎನ್ನಿ. ಲೈಸೆನ್ಸ್ ಇಲ್ಲದ ನಾಡಬಂದೂಕು ಕಣ್ಣಿಗೆ ಬಿದ್ದರೆ ಫೋಟೊ ತೆಗೆಯಲು ಹೋಗದೆ ದೂರ ಸರಿದು 112ಕ್ಕೆ ಕರೆ ಮಾಡಿ.